ಕವರ್ ಇಲ್ಲ ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ

ಕೊಡಗಿನ ಗೋಣಿಕೊಪ್ಪಲಿನಿಂದ ದಿನಸಿ ಅಂಗಡಿಯವರೊಬ್ಬರು ಪತ್ರ ಬರೆದಿದ್ದಾರೆ. ಪ್ಲಾಸ್ಟಿಕ್ ಕವರ್ ಇಟ್ಟಿದ್ದಕ್ಕೆ ಅವರಿಗೆ ದಂಡ ಬಿತ್ತಂತೆ. ಸಂತೆ ದಿನ ಜನ ಬರಿಗೈಯಲ್ಲಿ ಬರುತ್ತಾರೆ, ಕವರ್ ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ, ಜನ ಬದಲಾಗಲ್ಲ ಎನ್ನುತ್ತಾರೆ ಅವರು. ‘120 ಮೈಕ್ರಾನ್ ಕವರ್‌ಗೆ ಪರ್ಮಿಷನ್ ಇದೆ ಅಂತ ಹೋಲ್‌ಸೇಲ್‌ನವರು ಹೇಳ್ತಾರೆ, ನಿಜವಾ? ನನಗೆ ದಂಡ ಹಾಕುವವರು ಚಿಪ್ಸ್ ಕಂಪನಿಯನ್ನು ಯಾಕೆ ಕೇಳಲ್ಲ?’ ಎಂಬುದು ಅವರ ಪ್ರಶ್ನೆ.

ನಮಸ್ಕಾರ. ಮೊದಲು ಮೈಕ್ರಾನ್, ಅಂದರೆ ಕವರ್‌ನ ದಪ್ಪದ ವಿಷಯ. ಹೋಲ್‌ಸೇಲ್‌ನವರ ಮಾತು ಅರ್ಧ ನಿಜ. ಕೇಂದ್ರದ ನಿಯಮದಲ್ಲಿ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಕ್ಕೆ ನಿಷೇಧ ಇದೆ. ದಪ್ಪದ್ದಕ್ಕೆ ಇಲ್ಲ. ಆದರೆ ನಮ್ಮ ರಾಜ್ಯದ ಆದೇಶ ಅದಕ್ಕಿಂತ ಬಿಗಿ. 2016ರ ಮಾರ್ಚ್ 11ರ ಆ ಆದೇಶ ಕೈಚೀಲದ ದಪ್ಪವನ್ನೇ ನೋಡುವುದಿಲ್ಲ. ಎಷ್ಟೇ ದಪ್ಪ ಇರಲಿ, ಕರ್ನಾಟಕದಲ್ಲಿ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಬಳಸುವಂತಿಲ್ಲ. ದುಡ್ಡು ಕೊಟ್ಟು ಆ ಕವರ್ ತಂದಿಟ್ಟುಕೊಂಡರೆ ಮತ್ತೆ ನಿಮಗೇ ನಷ್ಟ.

ಬಟ್ಟೆ ಥರ ಕಾಣುವ ಬಣ್ಣದ ಚೀಲವನ್ನೂ ನಂಬಬೇಡಿ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅದರಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ. ಇದು ಸುರುಟಿ, ಕರಗಿ, ಗಟ್ಟಿ ಉಂಡೆಯಾಗುತ್ತದೆ. ಅಂಗಳದ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿದ್ದರೆ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಆಮೇಲೆ ಹೆಕ್ಕೋದು ಯಾರು?

ಇನ್ನು ಚಿಪ್ಸ್ ಕಂಪನಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲೇ ಸೀಲ್ ಆಗಿ ಬರುವ ಪ್ಯಾಕೆಟ್ಟಿಗೆ ರಾಜ್ಯದ ಆದೇಶದಲ್ಲಿ ವಿನಾಯಿತಿ ಇದೆ. ಹಾಗಾಗಿ ಒಂದು ಕೆಜಿ ಈರುಳ್ಳಿ ಹಾಕಿಕೊಟ್ಟ ಕವರ್ ತಪ್ಪು, ಅದೇ ಅಂಗಡಿಯಲ್ಲಿ ಮಾಲೆ ಮಾಲೆಯಾಗಿ ತೂಗಾಡುವ ಐದು ರೂಪಾಯಿ ಪ್ಯಾಕೆಟ್ ತಪ್ಪಲ್ಲ. ಆ ಪ್ಯಾಕೆಟ್ ಕೈಚೀಲಕ್ಕಿಂತ ಕೆಟ್ಟದ್ದು. ಪ್ಲಾಸ್ಟಿಕ್ ಹಾಳೆ, ಒಳಗೆ ಅಲ್ಯೂಮಿನಿಯಂನ ತೆಳು ಪದರ, ಎಲ್ಲ ಅಂಟಿಕೊಂಡಿರುತ್ತದೆ. ಬಿಡಿಸೋಕೆ ಆಗಲ್ಲ. ಗುಜರಿಯವರು ಹಾಲಿನ ಪ್ಯಾಕೆಟ್ ತಗೊಳ್ತಾರೆ, ಇದನ್ನು ಮುಟ್ಟುವುದಿಲ್ಲ. ಕೊನೆಗೆ ಅದು ಚರಂಡಿಗೆ ಬೀಳುತ್ತದೆ, ಇಲ್ಲವೇ ನಮ್ಮ ಬಚ್ಚಲ ಹಂಡೆಯ ಒಲೆಗೆ. ಸೌದೆ ಒದ್ದೆ ಇದ್ದಾಗ ಬೇಗ ಹೊತ್ತಿಕೊಳ್ಳಲಿ ಅಂತ ಸುಮ್ನೆ ಒಂದು ಪ್ಯಾಕೆಟ್ ತುರುಕುತ್ತೇವಲ್ಲ, ಆ ವಿಷದ ಹೊಗೆ ಕುಡಿಯುವವರು ಒಲೆ ಮುಂದೆ ಕೂತ ನಮ್ಮ ಮನೆಯವರೇ. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ.

ಹಾಗಂತ ಕಂಪನಿಗಳಿಗೆ ಕಾನೂನೇ ಇಲ್ಲ ಅಂತಲ್ಲ. ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕನ್ನು ವಾಪಸ್ ಸಂಗ್ರಹಿಸುವ ಹೊಣೆ ಅವರದೇ ಎಂದು 2016ರ ಕೇಂದ್ರ ನಿಯಮವೇ ಹೇಳಿದೆ. 2022ರ ಫೆಬ್ರವರಿಯಲ್ಲಿ ಅದಕ್ಕೆ ಟನ್ ಲೆಕ್ಕದ ಗುರಿಯೂ ಬಂತು. ತೊಂದರೆ ಇರುವುದು ಲೆಕ್ಕದಲ್ಲಿ. ಇಷ್ಟು ಟನ್ ವಿಲೇವಾರಿ ಮಾಡಿದ್ದೇವೆ ಎಂಬ ಸರ್ಟಿಫಿಕೇಟ್ ಇದ್ದರೆ ಸಾಕು, ಯಾವ ಊರಿನದು ಅಂತ ಯಾರೂ ಕೇಳುವುದಿಲ್ಲ. ದೊಡ್ಡ ಪಟ್ಟಣದಲ್ಲಿ ಸುಲಭವಾಗಿ ಸಿಗುವ ಕಸ ಎತ್ತಿದರೂ ಗುರಿ ಮುಟ್ಟುತ್ತದೆ. ಭಾಗಮಂಡಲದ ಚರಂಡಿಯಲ್ಲಿ, ಮಾಂದಲ್‌ಪಟ್ಟಿಯ ಹುಲ್ಲಿನಲ್ಲಿ ಬಿದ್ದದ್ದು ಅಲ್ಲೇ ಇರುತ್ತದೆ, ಮಳೆ ಬಂದಾಗ ಕಾವೇರಿಗೆ ಇಳಿಯುತ್ತದೆ. ಜಿಲ್ಲೆವಾರು ಲೆಕ್ಕ ಕೊಡಿ ಎಂದು ನಮ್ಮ ಜನಪ್ರತಿನಿಧಿಗಳು ಪಟ್ಟು ಹಿಡಿಯಬೇಕು. ಈ ಪತ್ರಿಕೆಯಂತೂ ಅದನ್ನು ಕೇಳುತ್ತಲೇ ಇರುತ್ತದೆ.

ಈಗ ನಿಮ್ಮ ಗಿರಾಕಿಗಳ ಮಾತು. ಜನ ಬದಲಾಗಲ್ಲ ಅಂತ ನೀವು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಪುಕ್ಕಟೆ ಸಿಗುವವರೆಗೆ ಮಾತ್ರ ಬದಲಾಗುವುದಿಲ್ಲ. ಐರ್ಲೆಂಡ್‌ನಲ್ಲಿ 2002ರ ಮಾರ್ಚ್‌ನಲ್ಲಿ ಒಂದು ಚೀಲಕ್ಕೆ 15 ಸೆಂಟ್ ಶುಲ್ಕ ಹಾಕಿದರು. ಬಳಕೆ ಸುಮಾರು 90 ಶೇಕಡ ಇಳಿಯಿತು. ಅಷ್ಟು ದೂರ ಯಾಕೆ, ನಮ್ಮಂಥದ್ದೇ ಬೆಟ್ಟದ ಜಿಲ್ಲೆ, ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡುತ್ತಾರೆ. ಕಾಡಿನಲ್ಲಿ ಒಡೆದ ಗಾಜಿನಿಂದ ಆನೆಗಳ ಕಾಲಿಗೆ ಗಾಯವಾಗುತ್ತಿದೆ ಎಂಬ ಚಿಂತೆಯಿಂದ ಮದ್ರಾಸ್ ಹೈಕೋರ್ಟ್ ಮಾಡಿಸಿದ ವ್ಯವಸ್ಥೆ ಅದು.

ಇದನ್ನೇ ಚೀಲಕ್ಕೂ ಮಾಡಬಹುದು ಅಲ್ವಾ? ಟೈಲರ್ ಹತ್ತಿರ ಹಳೆ ಸೀರೆ, ಪಂಚೆಯ ಚೀಲ ಹೊಲಿಸಿ. 20 ರೂಪಾಯಿ ಠೇವಣಿ ಇಟ್ಟುಕೊಂಡು ಕೊಡಿ, ತಂದುಕೊಟ್ಟರೆ ದುಡ್ಡು ವಾಪಸ್. ಆದರೆ ನೀವೊಬ್ಬರೇ ಮಾಡಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವುದು ಖಂಡಿತ. ಅದಕ್ಕೇ ಬೀದಿಯ ಅಂಗಡಿಗಳೆಲ್ಲ ಸೇರಬೇಕು. ಯಾವ ಅಂಗಡಿಯ ಚೀಲವನ್ನು ಯಾವ ಅಂಗಡಿಗೆ ಕೊಟ್ಟರೂ ನಡೆಯಬೇಕು. ಹಂದಿ ಮಾಂಸ, ಮೀನು ಮಾರುವವರನ್ನು ಬಿಡಬೇಡಿ. ಕಪ್ಪು ಕವರ್ ಜಾಸ್ತಿ ಹೋಗುವುದು ಅಲ್ಲೇ. ಮನೆಯಿಂದ ಡಬ್ಬಿ ತಂದವರಿಗೆ ಎರಡು ರೂಪಾಯಿ ಕಮ್ಮಿ ಮಾಡಲಿ.

ಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುವವರಿಗೂ ಒಂದು ಮಾತು: ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ತುದಿ ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ. ಉಗುರಿನಷ್ಟು ಆ ಚೂರನ್ನು ಯಾವ ಗುಜರಿಯವರೂ ಹೆಕ್ಕುವುದಿಲ್ಲ.

ನಿಮ್ಮ ಬೀದಿಯವರು ಒಪ್ಪಿದರೆ ನಮಗೆ ತಿಳಿಸಿ. ಅಂಗಡಿಗಳ ಹೆಸರನ್ನು ದುಡ್ಡು ತೆಗೆದುಕೊಳ್ಳದೆ ಪ್ರಕಟಿಸುತ್ತೇವೆ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತಲೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಚರ್ಚೆಗೆ ಇಡೋಣ.

– ಸಂಪಾದಕ