ಗುಡ್ಡ ನಮ್ಮದು, ದುಡ್ಡು ಯಾರದು?

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕು, ಹಿರೇಬೆಣಕಲ್ ಪಕ್ಕದ ಊರು. ಸಾವಿರಾರು ವರ್ಷ ಹಿಂದಿನ, ಕಲ್ಲುಮನೆಯಂಥ ಸಮಾಧಿಗಳಿರುವ ಮೋರ್ಯರ ಗುಡ್ಡ ನೋಡಲು ರಜೆ ಬಂದರೆ ಜನ ಬರುತ್ತಾರೆ, ಹತ್ತಿ ಇಳಿದು ಹೊರಟುಬಿಡುತ್ತಾರೆ. ಊರಿಗೆ ಉಳಿಯುವುದು ಖಾಲಿ ಬಾಟಲಿ. ನಾವು ಏಳು ಜನ ಗೆಳೆಯರು ಸಾಲ ಮಾಡಿ ಗುಡ್ಡದ ಬುಡದಲ್ಲಿ ರೆಸಾರ್ಟ್ ಕಟ್ಟೋಣ ಅಂತಿದ್ದೇವೆ. ಕೈ ಹಾಕಬಹುದಾ?

ಉತ್ತರ: ಸಾಲದ ಮಾತು ಸದ್ಯಕ್ಕೆ ಬೇಡ. ನಿಮ್ಮ ಗುಡ್ಡವನ್ನು ನಾನು ಎರಡು ಸಲ ಹತ್ತಿದ್ದೇನೆ. ಮೊದಲ ಸಲ ದಾರಿ ತಪ್ಪಿ ಬಂಡೆಗಳ ನಡುವೆ ಒಂದು ಗಂಟೆ ಅಲೆದೆ, ನೀರು ಮುಗಿಯಿತು, ಕೆಳಗೆ ಇಳಿದಾಗ ಹಸಿವಿನಿಂದ ಕಣ್ಣು ಕತ್ತಲೆ. ಊಟ ಮಾಡಿದ್ದು ಗಂಗಾವತಿಗೆ ಹೋಗಿ. ಅಂದರೆ ನನ್ನ ಜೇಬಿನಲ್ಲಿದ್ದ ದುಡ್ಡು ನಿಮ್ಮ ಊರನ್ನು ದಾಟಿ ಪೇಟೆ ಸೇರಿತು. ಎರಡನೇ ಸಲ ಕುರಿ ಕಾಯುವ ಹುಡುಗನೊಬ್ಬ ಜೊತೆಗೆ ಬಂದ. ಚಪ್ಪಡಿ ನಿಲ್ಲಿಸಿ ಕಟ್ಟಿದ ಆ ಕಲ್ಲುಮನೆಗಳು, ಗೋಡೆಯಲ್ಲಿ ಕೊರೆದ ದುಂಡನೆ ಕಿಂಡಿ, ಬಂಡೆಯ ಮೇಲೆ ಕೂತ ಕಲ್ಲಿನ ನಗಾರಿ ಎಲ್ಲವನ್ನೂ ತೋರಿಸಿದ. ಅವನ ಅಜ್ಜಿ ಹೇಳಿದ ಕತೆ ಕೇಳುತ್ತಾ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ದುಡ್ಡು ಕೊಡಲು ಹೋದರೆ ಅವನು ನಾಚಿಕೊಂಡ. ನೀವು ಶುರು ಮಾಡಬೇಕಾದದ್ದು ಅಲ್ಲಿಂದಲೇ.

ನಾಲ್ಕು ಜನ ದಾರಿ ತೋರಿಸಲಿ, ರೇಟು ಒಂದೇ ಇರಲಿ, ಬೋರ್ಡಿನಲ್ಲಿ ಬರೆದು ಹಾಕಿ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಹತ್ತಿಸಿ, ಹತ್ತು ಗಂಟೆಯೊಳಗೆ ಇಳಿಸಿ. ಇಳಿದವರಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಚೊಂಬು ಮಜ್ಜಿಗೆ. ಇದನ್ನು ನಿಮ್ಮ ಪಂಚಾಯ್ತಿಯ ಸಂಜೀವಿನಿ ಒಕ್ಕೂಟದ, ಅಂದರೆ ಸ್ವಸಹಾಯ ಸಂಘಗಳ ಕೂಟದ ಹೆಣ್ಣುಮಕ್ಕಳಿಗೆ ಬಿಡಿ. ಜೋಳ ನಿಮ್ಮೂರಿನ ಹೊಲದ್ದು, ಬಡಿಯುವ ಕೈ ನಿಮ್ಮೂರಿನದು, ಹಾಗಾಗಿ ಆ ದುಡ್ಡಿನಲ್ಲಿ ಹೊರಗೆ ಹೋಗುವುದು ತೀರಾ ಕಡಿಮೆ. ರೆಸಾರ್ಟಿನಲ್ಲಿ ಹಾಗಲ್ಲ, ಸಿಮೆಂಟು, ಟೈಲ್ಸು, ಬ್ಯಾಂಕಿನ ಬಡ್ಡಿ, ಬುಕಿಂಗ್ ಆ್ಯಪಿನ ಕಮಿಷನ್ನು ಎಲ್ಲಾ ಹೊರಗಿನವರಿಗೇ ಅಲ್ವಾ? ರಾತ್ರಿ ಉಳಿಯುವವರು ಸಿಕ್ಕರೆ ಇರುವ ಮನೆಯಲ್ಲೇ ಒಂದು ಕೋಣೆ, ಶುಚಿಯಾದ ಶೌಚಾಲಯ ಸಿದ್ಧ ಮಾಡಿ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಅಂತ ನೋಂದಾಯಿಸಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಹಂಪಿ ಎದುರಿಗೆ ತುಂಗಭದ್ರೆಯ ನಡುವೆ ಇರುವ ವಿರೂಪಾಪುರ ಗಡ್ಡೆ ನಿಮಗೆ ದೂರವೇನಲ್ಲ. ಅಲ್ಲಿ ಅನಧಿಕೃತವಾಗಿ ಕಟ್ಟಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದರು. ಅಲ್ಲಿ ಅಡುಗೆ ಮಾಡಿಕೊಂಡು, ಕಸ ಗುಡಿಸಿಕೊಂಡು ಇದ್ದವರ ಕೆಲಸವೂ ಅದರ ಜೊತೆಗೇ ಹೋಯಿತು. ನಿಮ್ಮ ಗುಡ್ಡ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದೆ. ಅದರ ಬುಡದಲ್ಲಿ ಅನುಮತಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಬಿಡುವು ಮಾಡಿಕೊಂಡು ಒಂದು ದಿನ ಆನೆಗೊಂದಿಗೆ ಹೋಗಿ ಬನ್ನಿ. ಗೊನೆ ಕೊಯ್ದ ಮೇಲೆ ಬಿಸಾಡುತ್ತಿದ್ದ ಬಾಳೆದಿಂಡಿನ ನಾರಿನಿಂದ ಅಲ್ಲಿನ ಹೆಣ್ಣುಮಕ್ಕಳು ಚೀಲ, ಬುಟ್ಟಿ ಹೆಣೆದು ಮಾರುತ್ತಾರೆ. ಅವರ ಪಕ್ಕ ಕೂತು ಲೆಕ್ಕ ಕೇಳಿ.

ಪ್ರಶ್ನೆ: ನಾವು ಕಿನ್ನಾಳದವರು, ಗೊಂಬೆ ಮಾಡುತ್ತೇವೆ. ಮಧ್ಯದವರಿಗೆ ಕೊಟ್ಟರೆ ಕೂಲಿಯೂ ಗಿಟ್ಟುವುದಿಲ್ಲ. ಪ್ರವಾಸಿಗರನ್ನು ಮನೆ ಬಾಗಿಲಿಗೇ ಕರೆಸುವುದು ಹೇಗೆ?

ಉತ್ತರ: ಜನ ಇಟಗಿಯ ಮಹಾದೇವ ಗುಡಿಗೆ ಬರುತ್ತಾರೆ, 1112ರ ಗುಡಿ ಅದು, ಶಾಸನದಲ್ಲೇ ದೇವಾಲಯ ಚಕ್ರವರ್ತಿ ಅನ್ನಿಸಿಕೊಂಡದ್ದು. ಕುಕನೂರಿನ ನವಲಿಂಗ ಗುಡಿಯನ್ನೂ ನೋಡುತ್ತಾರೆ. ಕೊಪ್ಪಳದ ಟ್ಯಾಕ್ಸಿ ಡ್ರೈವರುಗಳನ್ನು ಒಂದು ದಿನ ಮನೆಗೆ ಕರೆದು ಚಹಾ ಕೊಟ್ಟು ಕೆಲಸ ತೋರಿಸಿ, ಈ ಎರಡು ಗುಡಿಗಳ ಜೊತೆ ಕಿನ್ನಾಳವನ್ನೂ ಅವರೇ ಸೇರಿಸುತ್ತಾರೆ. ಬಂದವರ ಮುಂದೆ ಸುಮ್ನೆ ಗೊಂಬೆ ಸಾಲಾಗಿ ಇಟ್ಟರೆ ರೇಟು ಕೇಳಿ ಚೌಕಾಸಿಗೆ ಇಳಿಯುತ್ತಾರೆ. ಹುಣಸೆ ಬೀಜ ಅರೆದು ಅಂಟು ಮಾಡುವುದು, ಮರದ ಮೇಲೆ ಕಿಟ್ಟ ಅನ್ನುವ ಲೇಪ ಮೆತ್ತುವುದು, ಕಣ್ಣು ಬರೆಯುವುದು, ಇದನ್ನೆಲ್ಲ ಎದುರಿಗೇ ಮಾಡಿ ತೋರಿಸಿ. ಮಗುವಿನ ಕೈಗೆ ಕುಂಚ ಕೊಟ್ಟು ಒಂದು ಪುಟ್ಟ ಗಿಳಿಗೆ ಬಣ್ಣ ಹಚ್ಚಿಸಿ, ಅದಕ್ಕೆ ಬೇರೆ ಶುಲ್ಕ ತೆಗೆದುಕೊಳ್ಳಿ. ದೊಡ್ಡ ಗರುಡ ಎಲ್ಲರ ಬ್ಯಾಗಿನಲ್ಲಿ ಹಿಡಿಯುವುದಿಲ್ಲ, ಅಂಗೈಯಗಲದವು ಜಾಸ್ತಿ ಇಟ್ಟುಕೊಂಡಿರಿ.