ನೋಡಿಯೂ ಸುಮ್ಮನಿರಬೇಕಾ?

ಪ್ರಶ್ನೆ: ಮೇಡಂ, ನಾನು ಕ್ಯಾಸಿನೋದಲ್ಲಿ ಡೀಲರ್, ಅಂದರೆ ಟೇಬಲ್‌ನಲ್ಲಿ ನಿಂತು ಜೂಜಾಟ ನಡೆಸೋ ಕೆಲಸ. ಜವಾಬ್ದಾರಿಯುತ ಜೂಜು ಅಂತ ವರ್ಷಕ್ಕೊಮ್ಮೆ ತರಬೇತಿ ಕೊಡ್ತಾರೆ. ಚಟ ಹತ್ತಿದವರ ಲಕ್ಷಣ ಹೇಳಿ, ಸಹಿ ಹಾಕಿಸಿಕೊಂಡರೆ ಮುಗೀತು. ಜೊತೆಯವರು ‘ಅವರ ದುಡ್ಡು, ಅವರಿಷ್ಟ, ನಮಗ್ಯಾಕೆ’ ಅಂತಾರೆ. ನನಗೆ ಕೆಲವರನ್ನು ನೋಡಿದರೆ ಸಂಕಟವಾಗುತ್ತದೆ. ಆದರೆ ಬಾಯಿಬಿಟ್ಟರೆ ಕೆಲಸಕ್ಕೇ ಕುತ್ತು ಬರುತ್ತೇನೋ ಅಂತ ಭಯ. ಏನು ಮಾಡಲಿ?

ಉತ್ತರ: ‘ನಮಗ್ಯಾಕೆ’ ಅನ್ನುವವರಿಗೆ ಮನಸ್ಸೇ ಇಲ್ಲ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಡೀಲರ್‌ಗಳ ಸಂಪಾದನೆಯಲ್ಲಿ ಟಿಪ್ಸ್‌ನ ಪಾಲು ದೊಡ್ಡದು. ಗಂಟೆಗಟ್ಟಲೆ ಕೂತು ಆಡುವವರನ್ನು ‘ಸಾಕು, ಎದ್ದೇಳಿ’ ಅನ್ನೋದು ತಮ್ಮ ಹೊಟ್ಟೆ ಮೇಲೆ ತಾವೇ ಹೊಡೆದುಕೊಂಡ ಹಾಗೆ. ಜೊತೆಗೆ ಗಿರಾಕಿ ರೇಗಿ ದೂರು ಕೊಟ್ಟರೆ ಮೇಲಿನವರು ಯಾರ ಪರ ನಿಲ್ಲುತ್ತಾರೋ ಗೊತ್ತಿರಲ್ಲ. ಆಸ್ಟ್ರೇಲಿಯಾದಲ್ಲಿ ಸಂಶೋಧಕರು ಜೂಜಿನ ತಾಣಗಳ ಸಿಬ್ಬಂದಿಯನ್ನು ಮಾತಾಡಿಸಿದಾಗಲೂ ಇದೇ ಕಂಡಿತು: ಲಕ್ಷಣ ಕಣ್ಣಿಗೆ ಬೀಳುತ್ತದೆ, ಆದರೆ ಆಡುವವರೇ ಸಹಾಯ ಕೇಳದಿದ್ದರೆ ತಾವಾಗಿ ಹೋಗಿ ಮಾತಾಡಿಸಲು ಹಿಂಜರಿಕೆ. ಹಾಗಾಗಿ ನಾನು ತಪ್ಪು ಹೊರಿಸುವುದು ಸಹಿ ಹಾಕಿಸಿಕೊಂಡು ಕೈತೊಳೆದುಕೊಳ್ಳುವ ಆಡಳಿತದ ಮೇಲೆ. ನೋಡೋದನ್ನು ಕಲಿಸಿ, ನೋಡಿದ ಮೇಲೆ ಯಾರಿಗೆ ಹೇಳಬೇಕು, ಹೇಳಿದವರನ್ನು ಯಾರು ಕಾಯುತ್ತಾರೆ ಅಂತ ಕಲಿಸದಿದ್ದರೆ ಅದು ಅರ್ಧ ತರಬೇತಿ.

ನಿಮ್ಮ ಕೆಲಸದಲ್ಲೇ ಒಂದು ವಿಷಯ ಗಮನಿಸಿ. ಒಂದು ಟೇಬಲ್‌ನಲ್ಲಿ ನಿಮ್ಮ ಸರದಿ ಮುಗಿದಾಗ, ಕೈಯಲ್ಲಿ ಏನೂ ಬಚ್ಚಿಟ್ಟಿಲ್ಲ ಅಂತ ಎರಡೂ ಅಂಗೈ ಕ್ಯಾಮೆರಾಗೆ ಕಾಣುವಂತೆ ತೋರಿಸಿ ಟೇಬಲ್ ಬಿಡುತ್ತೀರಿ, ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಆಡುವವರು ಮಾತ್ರ ಅಲ್ಲೇ ಇರುತ್ತಾರೆ. ನಾಲ್ಕು ಡೀಲರ್‌ಗಳು ಬದಲಾದರೂ ಎದ್ದಿಲ್ಲ ಅನ್ನೋದು ಆ ನಾಲ್ವರಲ್ಲಿ ಯಾರಿಗೂ ಪೂರ್ತಿ ಗೊತ್ತಾಗಲ್ಲ! ಅದಕ್ಕೇ ನೀವು ನೋಡಿದ್ದು ಸೂಪರ್‌ವೈಸರ್ ಕಿವಿಗೆ ಬೀಳಲೇಬೇಕು. ‘ಇವರಿಗೆ ಚಟ ಇದೆ’ ಅಂತ ಹೇಳಬೇಡಿ, ಅದು ವೈದ್ಯರ ಮಾತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಮನೋರೋಗಗಳ ತನ್ನ ಕೈಪಿಡಿಯಲ್ಲಿ ಜೂಜಿನ ಚಟವನ್ನು ಕುಡಿತ, ಮಾದಕವಸ್ತುಗಳ ಚಟದ ಸಾಲಿಗೇ ಸೇರಿಸಿತು, ಅಂದರೆ ಇದು ಪರೀಕ್ಷೆ ಮಾಡಿ ಗುರುತಿಸಬೇಕಾದ ಕಾಯಿಲೆ. ನೀವು ಕಂಡಷ್ಟೇ ಹೇಳಿ: ಮೂರು ಸಲ ಎಟಿಎಂಗೆ ಹೋಗಿ ಬಂದರು, ಪಕ್ಕದವರ ಹತ್ತಿರ ಸಾಲ ಕೇಳಿದರು, ಕೈ ನಡುಗುತ್ತಿತ್ತು. ಟೇಬಲ್ ನಂಬರು, ಸಮಯ ಬರೆದಿಟ್ಟುಕೊಳ್ಳಿ, ನಾಳೆ ‘ನೀನು ಹೇಳಲೇ ಇಲ್ಲ’ ಅಂದರೆ ನಿಮ್ಮ ಕೈಯಲ್ಲೂ ಒಂದು ದಾಖಲೆ ಇರಲಿ.

ಇನ್ನೊಂದು, ಇದು ನಿಮ್ಮ ಕೈಯಲ್ಲೇ ಇದೆ. ರೂಲೆಟ್‌ನಲ್ಲಿ, ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತೆ ಅಂತ ಹಣ ಕಟ್ಟುವ ಆಟದಲ್ಲಿ, ‘ಎಂಟು ಸಲ ಕಪ್ಪು ಬಂತು, ಈಗ ಕೆಂಪು ಗ್ಯಾರಂಟಿ ಅಲ್ವಾ?’ ಅಂತ ಕೇಳಿದಾಗ ಸುಮ್ನೆ ನಕ್ಕು ತಲೆಯಾಡಿಸಬೇಡಿ. 18 ಕೆಂಪು, 18 ಕಪ್ಪು, ಒಂದು ಸೊನ್ನೆಯ ಮನೆ ಇರುವ ಚಕ್ರದಲ್ಲಿ ಕೆಂಪು ಬರುವ ಸಾಧ್ಯತೆ ಪ್ರತಿ ಸುತ್ತಿಗೂ 37ರಲ್ಲಿ 18, ಹಿಂದೆ ಏನೇ ಬಂದಿರಲಿ. 1913ರಲ್ಲಿ ಮೊನಾಕೊ ದೇಶದ ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ಸತತ 26 ಸಲ ಕಪ್ಪೇ ಬಂತು, ಕೆಂಪಿನ ಮೇಲೆ ಕಟ್ಟುತ್ತಾ ಹೋದವರು ಅಪಾರ ಹಣ ಕಳೆದುಕೊಂಡರು. ‘ಪ್ರತಿ ಸುತ್ತೂ ಹೊಸದೇ ಸಾರ್’ ಅನ್ನಿ, ಸಾಕು. ಅದು ಬುದ್ಧಿವಾದ ಅಲ್ಲ, ಆಟದ ನಿಯಮ.

ಪ್ರಶ್ನೆ: ‘ನನ್ನನ್ನು ಒಳಗೆ ಬಿಡಬೇಡಿ’ ಅಂತ ತಾವೇ ಹೆಸರು ಬರೆಸಿದವರು ಮತ್ತೆ ಬಂದು ಕೂತರೆ? ಕಂಡೂ ಕಾಣದ ಹಾಗೆ ಇದ್ದುಬಿಡಲಾ?

ಉತ್ತರ: ಬೇಡ, ಕೂಡಲೇ ತಿಳಿಸಿ. ಅಮೆರಿಕದ ಮಿಸೌರಿಯಲ್ಲಿ 1996ರಲ್ಲೇ ಇಂಥ ಪಟ್ಟಿ ಶುರುವಾಯಿತು, ಈಗ ಬಹಳ ದೇಶಗಳಲ್ಲಿದೆ, ಸಿಂಗಪುರದಲ್ಲಂತೂ ಮನೆಯವರೂ ಅರ್ಜಿ ಹಾಕಬಹುದು. ‘ಅವರಿಷ್ಟ’ ಅಂತಾರಲ್ಲ ನಿಮ್ಮ ಜೊತೆಯವರು, ಮನಸ್ಸು ತಿಳಿಯಾಗಿದ್ದಾಗ ಆ ಮನುಷ್ಯ ಬರೆದುಕೊಟ್ಟ ಇಷ್ಟವೇ ಆ ಪಟ್ಟಿ. ತಿಳಿಸಿ, ಆದರೆ ಎಲ್ಲರೆದುರು ಹೆಸರು ಕೂಗುವುದು ಬೇಡ, ಅವಮಾನವಾದರೆ ಅವರು ಸಹಾಯ ಕೇಳುವುದನ್ನೇ ಬಿಟ್ಟುಬಿಡಬಹುದು.