ಮುರಿದ ಕಾಲು, ನಿಂತ ಹೊಟ್ಟೆ: ಮೊಲ ಸಾಕುವವರ ಪ್ರಶ್ನೆಗಳು

ಎರಡು ವರ್ಷದ ನಮ್ಮ ಮೊಲದ ತೂಕ ಎರಡು ಕೆ.ಜಿ. ಗೂಡಿನ ತಂತಿಬಲೆಗೆ ಹಿಂಗಾಲು ಸಿಕ್ಕಿ ಮುರಿಯಿತು. ಡಾಕ್ಟರು ಪಟ್ಟಿ ಹಾಕಿದ್ದಾರೆ. ಈಗ ಮೇವು ಅರ್ಧಕ್ಕರ್ಧ ಇಳಿದಿದೆ. ಹೇಗೆ ನೋಡಿಕೊಳ್ಳಬೇಕು?
— ಓದುಗರು, ಮೂಡಿಗೆರೆ

ಮೊದಲು ಹಿಕ್ಕೆ ನೋಡಿ, ಆಮೇಲೆ ಕಾಲು. ನೋವಿದ್ದರೆ ಮೊಲ ಮೇವು ಬಿಡುತ್ತದೆ. ಮೇವು ಬಿಟ್ಟರೆ ಕರುಳಿನ ಚಲನೆ ನಿಧಾನವಾಗಿ, ಕೊನೆಗೆ ನಿಂತೇಹೋಗುತ್ತದೆ. ಮೂಳೆ ಮುರಿತಕ್ಕಿಂತ ಇದರಿಂದಲೇ ಮೊಲ ಬೇಗ ಸಾಯುವುದು. ಹಿಕ್ಕೆ ಸಣ್ಣದಾಗುತ್ತಾ ಬಂದರೆ, ಎರಡು ಮೂರು ಕೂದಲಿನಿಂದ ಪೋಣಿಸಿದಂತೆ ಬಿದ್ದರೆ ಅದು ಎಚ್ಚರಿಕೆ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕೂತರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಡಾಕ್ಟರ ಬಳಿ ಒಯ್ಯಿರಿ.

ಅರ್ಧ ಮೇವು ತಿನ್ನುತ್ತಿದೆ ಎಂದರೆ ನೋವಿನ ಔಷಧಿ ಸಾಲುತ್ತಿಲ್ಲ ಎಂದು ಮೊದಲು ಸಂಶಯಪಡಿ. ಮೆಲಾಕ್ಸಿಕಾಮ್ ಸಿರಪ್ ಮೊಲಕ್ಕೆ ತೂಕದ ಲೆಕ್ಕದಲ್ಲಿ ನಾಯಿಗಿಂತ ಹೆಚ್ಚೇ ಬೇಕಾಗುತ್ತದೆ. ಬಾಟಲಿಯ ಮೇಲಿನ ಅಳತೆ ನಾಯಿಯದು, ಡಾಕ್ಟರನ್ನು ಕೇಳಿ ಸರಿಪಡಿಸಿಕೊಳ್ಳಿ. ಜೊತೆಗೆ ಕೈಯಿಂದ ತಿನ್ನಿಸಿ. ಒಂದು ಪಾಲು ಪೆಲೆಟ್‌ಗೆ (ಮೊಲದ ಗುಳಿಗೆ ಮೇವು) ಎರಡು ಪಾಲು ಬಿಸಿನೀರು ಹಾಕಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಉಗುರುಬೆಚ್ಚಗಿರುವಾಗ ಸೂಜಿ ತೆಗೆದ 5 ಮಿ.ಲೀ. ಸಿರಿಂಜಿನಲ್ಲಿ ಕೊಡಿ. ಮುಂದಿನ ಹಲ್ಲುಗಳ ಹಿಂದೆ, ಬಾಯಿಯ ಪಕ್ಕದಲ್ಲಿ ಹಲ್ಲಿಲ್ಲದ ಸಂದಿದೆ. ಅಲ್ಲಿಂದ ಅರ್ಧ ಮಿ.ಲೀ.ನಂತೆ ಬಿಡಿ, ಅಗಿದು ನುಂಗಿದ ಮೇಲೆ ಮತ್ತೆ. ನಿಮ್ಮ ಮೊಲಕ್ಕೆ ಹೊತ್ತಿಗೆ 20 ಮಿ.ಲೀ., ದಿನಕ್ಕೆ ಐದು ಹೊತ್ತು ಸಾಕು. ಅಂಗಾತ ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಬಿಗಿದು ಉಬ್ಬಿದ್ದರೆ ಮಾತ್ರ ಏನನ್ನೂ ಕುಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಗರಿಕೆ, ಗಿನಿ ಹುಲ್ಲು, ಒಣಹುಲ್ಲು ಮೂತಿಯ ಮುಂದೆಯೇ ಸದಾ ಇರಲಿ. ನೆನೆಸಿದ ಕಡಲೆ, ಬ್ರೆಡ್ಡು ಬೇಡವೇ ಬೇಡ. ನೀರನ್ನು ಅಗಲ ಬಟ್ಟಲಲ್ಲಿ ಇಡಿ. ಕಾಲು ನೋಯುವಾಗ ಕತ್ತೆತ್ತಿ ಬಾಟಲಿಯ ನಳಿಕೆ ನೆಕ್ಕುವುದು ಅದಕ್ಕೆ ಕಷ್ಟ.

ಮೂರಡಿ ಉದ್ದ, ಎರಡಡಿ ಅಗಲದ ಜಾಗ ಸಾಕು. ಮೈಚಾಚಿ ಮಲಗಿ ತಿರುಗುವಂತಿರಬೇಕು, ನೆಗೆಯುವಂತಿರಬಾರದು. ತಂತಿಬಲೆಯ ನೆಲ ತೆಗೆದುಹಾಕಿ. ಇಲ್ಲದಿದ್ದರೆ ಭಾರವೆಲ್ಲ ಹೊರುತ್ತಿರುವ ಒಳ್ಳೆ ಕಾಲಿನ ಹಿಮ್ಮಡಿ ಹುಣ್ಣಾಗುತ್ತದೆ. ರಬ್ಬರ್ ಮ್ಯಾಟ್, ಅದರ ಮೇಲೆ ಹಳೆ ಕಾಟನ್ ಬೆಡ್‌ಶೀಟು, ಮೇಲೆ ದಪ್ಪಗೆ ಹುಲ್ಲು. ಟರ್ಕಿ ಟವಲ್, ಗೋಣಿಚೀಲದ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ತೋಟದಲ್ಲಿ ರಾಶಿ ಬಿದ್ದಿದೆಯೆಂದು ಕಾಫಿ ಹೊಟ್ಟು ಹಾಸಬೇಡಿ. ಅದರಲ್ಲಿ ಕೆಫೀನ್ ಇರುತ್ತದೆ, ಮೊಲ ಅದನ್ನು ಮೆಲ್ಲದೆ ಬಿಡುವುದಿಲ್ಲ.

ಪಟ್ಟಿಯ ತುದಿಯಲ್ಲಿ ಬೆರಳು ಕಾಣುತ್ತಿದ್ದರೆ ದಿನಕ್ಕೆರಡು ಸಲ ನಡುವಿನ ಎರಡು ಉಗುರು ಗಮನಿಸಿ. ಜೋಡಿಯಾಗಿ ಇದ್ದವು ದೂರ ಸರಿದಿದ್ದರೆ ಒಳಗೆ ಬಾವು ಬಂದಿದೆ, ಪಟ್ಟಿ ಬಿಗಿಯಾಗಿದೆ ಎಂದರ್ಥ. ಬೆರಳು ತಣ್ಣಗಿದ್ದರೆ, ವಾಸನೆ ಬಂದರೆ, ಪಟ್ಟಿ ಒದ್ದೆಯಾದರೆ ಅದೇ ದಿನ ಬದಲಾಯಿಸಬೇಕು. ನಿಮ್ಮ ಕಡೆಯ ಮಳೆಗಾಲದಲ್ಲಿ ಮೇಲೆ ಒಣಗಿದಂತೆ ಕಂಡರೂ ಒಳಗಿನ ಹತ್ತಿ ಹಸಿಯಾಗಿಯೇ ಇದ್ದು ಚರ್ಮ ಕೊಳೆಯುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ತೇವ ಆರದೆ ಇನ್ನೂ ಕೆಡುತ್ತದೆ. ಬಾಲದ ಬುಡ ಉಚ್ಚೆಯಿಂದ ನೆನೆದಿದ್ದರೆ ಒರೆಸಿ ಒಣಗಿಸಿ. ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ.

ಬೆಳೆದ ಮೊಲಕ್ಕೆ ಆರರಿಂದ ಎಂಟು ವಾರ ಬೇಕು. ಕುಂಟದೆ ಓಡಾಡಿತೆಂದು ಬಿಡಬೇಡಿ, ಎಕ್ಸ್‌ರೇ ನೋಡಿಯೇ ಬಿಡಿ. ಹತ್ತಿರ ಸೌಲಭ್ಯವಿಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಅರಿವಳಿಕೆ ಕೊಡುತ್ತಾರೆಂದು ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಡಿ. ಮೊಲಕ್ಕೆ ವಾಂತಿಯಾಗುವುದೇ ಇಲ್ಲ, ದಾರಿಯಲ್ಲೂ ಹುಲ್ಲು ಜೊತೆಗಿರಲಿ.

ಗಾಯಕ್ಕೆ ಮನೆಯಲ್ಲಿದ್ದ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ ಕೊಡಬಹುದೆ?
— ಓದುಗರು, ಸಕಲೇಶಪುರ

ಖಂಡಿತ ಬೇಡ. ಬಾಯಿಂದ ಕೊಟ್ಟ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು, ವಿಷ ಉಗುಳುವ ಜಾತಿ ಬೆಳೆಯಲು ಬಿಡುತ್ತವೆ. ಭೇದಿ ಹತ್ತಿ ಮೊಲ ಸಾಯುತ್ತದೆ. ಉಣ್ಣೆ ಹುಳಕ್ಕೆಂದು ನಾಯಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷ.

ಮಂಗರಬಳ್ಳಿ ಅರೆದು ಕಟ್ಟಿದರೆ ಮೂಳೆ ಬೇಗ ಕೂಡುತ್ತದಂತೆ. ಕ್ಯಾಲ್ಸಿಯಂ ಸಿರಪ್ ಕೊಡಬೇಕೆ?
— ಓದುಗರು, ಬೇಲೂರು

ಹಸಿ ಮಂಗರಬಳ್ಳಿಯ ರಸ ತುರಿಸುತ್ತದೆ. ಮೊಲ ಪಟ್ಟಿ ಕಚ್ಚಿ ಬಿಚ್ಚಿ ಅದನ್ನೇ ನೆಕ್ಕುತ್ತದೆ, ಬಾಯಿಯೂ ಉರಿಯುತ್ತದೆ. ಇನ್ನು ಕ್ಯಾಲ್ಸಿಯಂ: ಮೊಲದ ಕರುಳು ತಿಂದಷ್ಟನ್ನೂ ಹೀರಿಕೊಳ್ಳುತ್ತದೆ, ಹೆಚ್ಚಾದದ್ದು ಉಚ್ಚೆಯಲ್ಲಿ ಹೋಗುತ್ತದೆ. ಸಿರಪ್ ಸುರಿದರೆ ಉಚ್ಚೆ ಸುಣ್ಣದ ಗಸಿಯಂತಾಗಿ ಕಲ್ಲು ಕಟ್ಟಬಹುದು. ಕುದುರೆಮಸಾಲೆ ಸೊಪ್ಪನ್ನೂ ಬೆಳೆದ ಮೊಲಕ್ಕೆ ದಿನಾ ಹಾಕಬೇಡಿ. ಹುಲ್ಲು, ಸ್ವಲ್ಪ ಪೆಲೆಟ್ ತಿನ್ನುವ ಮೊಲಕ್ಕೆ ಮೂಳೆಗೆ ಬೇಕಾದದ್ದು ಅದರಲ್ಲೇ ಸಿಗುತ್ತದೆ.

ಪಟ್ಟಿ ಬಿಚ್ಚಿದ್ದಾರೆ, ಮೂಳೆ ಕೂಡಿದೆ. ಆದರೂ ಕಾಲೂರುತ್ತಿಲ್ಲ.
— ಓದುಗರು, ಕಡೂರು

ವಾರಗಟ್ಟಲೆ ಕಟ್ಟಿದ ಕಾಲಿನ ಸ್ನಾಯು ಸೊರಗಿ, ಕೀಲು ಬಿಗಿದಿರುತ್ತದೆ. ಟೈಲ್ಸ್ ನೆಲದ ಮೇಲೆ ಬಿಡಬೇಡಿ, ಜಾರಿದರೆ ಮತ್ತೆ ಮುರಿಯುತ್ತದೆ. ಚಾಪೆಯ ಮೇಲೆ ಹತ್ತು ನಿಮಿಷ, ದಿನಕ್ಕೆರಡು ಸಲ ಬಿಟ್ಟು, ಕೊತ್ತಂಬರಿ ಸೊಪ್ಪನ್ನು ಒಂದಡಿ ಮುಂದೆ ಇಟ್ಟು ಅದಾಗಿಯೇ ಬರುವಂತೆ ಮಾಡಿ. ಬೇಸಿಗೆಯಾದರೆ ಈ ಕೆಲಸ ಬೆಳಿಗ್ಗೆ ಏಳರೊಳಗೆ ಮುಗಿಸಿ, ಮೊಲ ಸೆಕೆ ತಡೆಯುವುದಿಲ್ಲ. ಎರಡು ವಾರವಾದರೂ ಕಾಲು ಎಳೆದುಕೊಂಡೇ ಹೋಗುತ್ತಿದ್ದರೆ, ಬೆರಳು ಚಿವುಟಿದಾಗ ಹಿಂದಕ್ಕೆ ಎಳೆದುಕೊಳ್ಳದಿದ್ದರೆ, ತೊಂದರೆ ನರದ್ದು. ಮತ್ತೆ ತೋರಿಸಿ.